ಗಳೆಯ ಬಲವೋ, ಕಾಲಿನ ಬಲವೋ?

ಕಳೆದ ತಿಂಗಳು ನಮ್ಮ ಮನೆಯಲ್ಲಿ ಒಂದು ವ್ಯಾಜ್ಯವೆದ್ದಿತು. 2025ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಸ್ವೀಡನ್ ದೇಶದ ಅರ್ಮಾಂಡ್ ಡುಪ್ಲಾಂಟಿಸ್ ಎಂಬ ತರುಣನು ಟೋಕಿಯೋ ನಗರದಲ್ಲಿ ಗಳೆಯೂರಿ 6.30 ಮೀಟರು ಎತ್ತರವನ್ನು ದಾಟಿದ ಚಿತ್ರವನ್ನು ನೋಡುತ್ತ ನನ್ನ ಮೊಮ್ಮಗನು, "ತಾತ, ಅಂಥ ಬಾಗುವ ಗಳೆ ಕೊಟ್ಟರೆ ಯಾರು ಬೇಕಾದರೂ ಹಾರುತ್ತಾರೆ" ಎಂದನು. ನಾನೂ ಹೌದೆಂದೇ ತಲೆದೂಗಿದೆನು. ಆಮೇಲೆ ವಿಚಾರಿಸಿ ನೋಡಲಾಗಿ ನಾವಿಬ್ಬರೂ ತಪ್ಪಿದ್ದೆವೆಂದು ತಿಳಿಯಿತು.

ಪೋಲ್ ವಾಲ್ಟ್ ಎಂಬ ಈ ಆಟಕ್ಕೆ ದಂಡಲಂಘನವೆಂದು ಹೆಸರಿಡಬಹುದು. ಆದರೆ ಲಂಘನವೆಂಬ ಶಬ್ದಕ್ಕೆ ದಾಟುವುದೆಂಬ ಅರ್ಥವಿರುವಂತೆ ಉಪವಾಸವೆಂಬ ಅರ್ಥವೂ ಉಂಟು. ನಮ್ಮ ಮನೆಗಳಲ್ಲಿ ಎರಡನೆಯದೇ ರೂಢಿ. ಆದುದರಿಂದ ಗಳೆಯ ನೆಗೆತವೆಂದೇ ಕರೆಯೋಣ.

ಗಳೆಯು ತನ್ನದೆಂದು ಏನನ್ನೂ ಕೊಡುವುದಿಲ್ಲ. ಹಾರುವವನು ಓಟದಿಂದ ಗಳಿಸಿದ ಶಕ್ತಿಯನ್ನು ಬಾಗಿ ಇಟ್ಟುಕೊಂಡು, ನೆಟ್ಟಗಾಗುವಾಗ ಹಿಂದಕ್ಕೆ ಕೊಡುತ್ತದೆ, ಅಷ್ಟೆ. ಸೆಕೆಂಡಿಗೆ 10 ಮೀಟರು ವೇಗದ ಓಟವನ್ನೆಲ್ಲ ಎತ್ತರವಾಗಿ ಮಾರ್ಪಡಿಸಿದರೆ ದೇಹವು ಸುಮಾರು 5 ಮೀಟರು ಏರಬಲ್ಲದು. ದೇಹದ ಭಾರಕೇಂದ್ರವು ಮೊದಲೇ ನೆಲದಿಂದ ಒಂದು ಮೀಟರಿನಷ್ಟು ಮೇಲಿರುವುದರಿಂದ ಲೆಕ್ಕವು 6 ಮೀಟರಿನ ಹತ್ತಿರಕ್ಕೆ ಬರುತ್ತದೆ. ಮಿಕ್ಕದ್ದನ್ನು ತೋಳು ಹೊಟ್ಟೆಗಳ ಬಲದಿಂದ ಕೂಡಿಸಬೇಕು.

ಉದ್ದವಾದ ಗಳೆಯನ್ನು ಹಿಡಿದು ಆ ವೇಗದಲ್ಲಿ ಓಡುವುದೇ ಕಷ್ಟ. ಅದಕ್ಕಿಂತಲೂ ಕಷ್ಟವಾದುವು ಕೊನೆಯ ಎರಡು ಮೂರು ಹೆಜ್ಜೆಗಳು. ಆಗ ಕೈಗಳನ್ನು ತಲೆಯ ಮೇಲಕ್ಕೆತ್ತಿ, ಗಳೆಯ ತುದಿಯನ್ನು ನೆಲದಲ್ಲಿ ಹುದುಗಿಸಿರುವ ತೊಟ್ಟಿಗೆ ಇಳಿಸಬೇಕು. ಓಟ ಮಾತ್ರ ಕುಗ್ಗಬಾರದು. ತೊಟ್ಟಿ ಹತ್ತಿರವಾದಂತೆ ಸಾಮಾನ್ಯನ ಕಾಲು, ಗೋಡೆಯನ್ನು ಕಂಡಂತೆ, ತಾನಾಗಿಯೇ ಹಿಂಜರಿಯುತ್ತದೆ. ಹಿಂಜರಿದರೆ ಗಳೆ ಬಾಗದು. ಹಾರುವವನು ಬಂದ ದಾರಿಗೇ ಬೀಳಲೂಬಹುದು. ಶ್ರೇಷ್ಠನಿಗೂ ಸಾಧಾರಣನಿಗೂ ಇರುವ ಅಂತರವು ಬಹುಮಟ್ಟಿಗೆ ಈ ಹೆಜ್ಜೆಗಳಲ್ಲಿಯೇ ಇದೆಯೆಂದು ನನಗೆ ತೋರುತ್ತದೆ.

ಹುಡುಗನು ಒಪ್ಪಲಿಲ್ಲ. ಆಗ ಅಮೆರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದ ಕಾರ್ನೀಲಿಯಸ್ ವಾರ್ಮರ್‌ಡಾಮನ ಕಥೆಯನ್ನು ಹೇಳಿದೆನು. ಈತನೂ ಉಪಾಧ್ಯಾಯನೇ, ಅದಕ್ಕಾಗಿ ನನಗೆ ಸ್ವಲ್ಪ ಪಕ್ಷಪಾತವಿದ್ದರೆ ವಾಚಕರು ಕ್ಷಮಿಸಬೇಕು. ಇಂದಿನ ಗಾಜಿನೆಳೆಯ ಗಳೆಗಳು ರೂಢಿಗೆ ಬಂದುದು 1960ರ ದಶಕದಲ್ಲಿ. ಈತನ ಕೈಯಲ್ಲಿದ್ದುದು ಬಿದಿರು. ಬಿದಿರು ಹೆಚ್ಚಾಗಿ ಬಾಗದು. ಊರಿದ ಪೆಟ್ಟೆಲ್ಲ ಹೆಗಲಿಗೇ ಬಡಿಯುವುದು. ಇಳಿಯುವಲ್ಲಿ ಮೆತ್ತೆಯೂ ಇರಲಿಲ್ಲ. ಹೀಗಿದ್ದರೂ 1940ರಲ್ಲಿ ಈತನು 15 ಅಡಿಗಳನ್ನು ದಾಟಿದ ಮೊದಲನೆಯ ಮನುಷ್ಯನಾದನು. 1942ರಲ್ಲಿ 4.77 ಮೀಟರು ಹಾರಿದನು. ಅದನ್ನು ಮೀರಲು 1957ರವರೆಗೆ ಬೇರೆ ಯಾರಿಗೂ ಆಗಲಿಲ್ಲ.

ಬಿದಿರು ಆಗ ಎಲ್ಲರ ಕೈಗೂ ಸಿಕ್ಕುವ ವಸ್ತುವಾಗಿದ್ದಿತು. ಆದರೂ 15 ಅಡಿ ದಾಟಿದ ಎರಡನೆಯವನು ಕಾಣಿಸಿಕೊಂಡುದು 1951ರಲ್ಲಿ. ಅಷ್ಟರೊಳಗೆ ವಾರ್ಮರ್‌ಡಾಮನೊಬ್ಬನೇ ಆ ಎತ್ತರವನ್ನು 43 ಸಲ ದಾಟಿದ್ದನು.

"ಎಷ್ಟು ಒಲಿಂಪಿಕ್ ಪದಕ ಗೆದ್ದ, ತಾತ?" ಎಂದು ಹುಡುಗನು ಕೇಳಿದನು. ಒಂದೂ ಇಲ್ಲವೆಂದೆನು. 1940ರ ಪಂದ್ಯಗಳೂ 1944ರ ಪಂದ್ಯಗಳೂ ಮಹಾಯುದ್ಧದ ದೆಸೆಯಿಂದ ನಡೆಯಲೇ ಇಲ್ಲ. ಹುಡುಗನು ಬಹಳ ಹೊತ್ತು ಸುಮ್ಮನಿದ್ದು, "ಮೆತ್ತೆ ಇಲ್ಲದಿದ್ದರೆ ಏನಿನ ಮೇಲೆ ಬೀಳುತ್ತಿದ್ದ?" ಎಂದನು.

"ಮರಳಿನ ಮೇಲೆ, ಇಲ್ಲವೆ ಮರದ ಹೊಟ್ಟಿನ ಮೇಲೆ" ಎಂದೆನು.