ಗಾಳಿ ಯಂತ್ರಕ್ಕೂ ಪರೀಕ್ಷೆ ಬೇಕು

ಮಗಳ ಬಾಣಂತನಕ್ಕೆಂದು ಚಳಿಗಾಲದಲ್ಲಿ ಕೆನಡಾಕ್ಕೆ ಹೋದ ಅಮ್ಮಂದಿರು, ಅಲ್ಲಿ ಸದಾ ಗುಂಯ್‌ಗುಡುವ 'ಇಆರ್‌ವಿ' ಯಂತ್ರ ನೋಡಿ 'ಕರೆಂಟು ದಂಡ, ಆಫ್ ಮಾಡೇ' ಅನ್ನುವುದುಂಟು. ಬೇಡಿ! ಕಿಟಕಿ ಮುಚ್ಚಿದ ಮನೆಯಲ್ಲಿ ಕೂಸಿಗೆ ಹೊಸ ಗಾಳಿ ತರುವುದು ಅದೇ. ಹೊರಹೋಗುವ ಗಾಳಿಯ ಬಿಸಿ, ತೇವವನ್ನು ಒಳಬರುವ ಗಾಳಿಗೆ ದಾಟಿಸುವುದೂ ಅದೇ.

ಎಷ್ಟು ದಾಟಿಸುತ್ತಿದೆ? ಥರ್ಮಾಮೀಟರ್ ಇಟ್ಟು ನೋಡಿ. ಹೊರಗೆ 0 ಡಿಗ್ರಿ, ಮನೆಯೊಳಗೆ 20, ಯಂತ್ರದಿಂದ ಬರುವ ಗಾಳಿ 14 ಇದ್ದರೆ ಸುಮಾರು ಶೇ. 70. ತೇವಕ್ಕೂ ಇದೇ ಲೆಕ್ಕ. ಆದರೆ ಅಲ್ಲಿ ಶೇಕಡಾವಾರು ನಂಬಬೇಡಿ. ಗಾಳಿ ಬೆಚ್ಚಗಾದರೆ ಅದು ತಾನಾಗಿಯೇ ಇಳಿಯುತ್ತೆ. ಕಿಲೋ ಗಾಳಿಯಲ್ಲಿ ಎಷ್ಟು ಗ್ರಾಂ ನೀರಿದೆ ಅನ್ನೋದನ್ನೇ ಹೋಲಿಸಿ.

ಒಳಬರುವ, ಹೊರಹೋಗುವ ಗಾಳಿ ಸಮವಿಲ್ಲದಿದ್ದರೆ ಅಂಕಿಯೂ ಸುಳ್ಳು ಹೇಳುತ್ತೆ. ಹಾಗಾಗಿ ಮೊದಲು ಫಿಲ್ಟರ್ ಶುಚಿಮಾಡಿ, ಆಮೇಲೆ ಅಳೆಯಿರಿ.