ಸೋತವನ ಕೈ ಹಿಡಿಯುವ ಆಟ

ಸಂಜೆಯಾದರೆ ನಮ್ಮ ಊರುಗಳ ಕಟ್ಟೆ ಮೇಲೆ ಹತ್ತು ಹುಡುಗರು, ಹತ್ತು ಮೊಬೈಲು. ಒಬ್ಬ ರಮ್ಮಿ, ಇನ್ನೊಬ್ಬ ದುಡ್ಡು ಕಟ್ಟಿ ಕ್ರಿಕೆಟ್ ಟೀಮು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆ ಪಾಸು ಮಾಡಿತು. ಒಳ್ಳೆಯದೇ ಆಯಿತು. ಆದರೆ ಸಂಜೆ ಏಳರಿಂದ ಹತ್ತರವರೆಗೆ ಆ ಹುಡುಗರು ಏನು ಮಾಡಬೇಕು ಅನ್ನುವುದಕ್ಕೆ ಕಾಯ್ದೆಯಲ್ಲಿ ಉತ್ತರ ಇಲ್ಲ.

ಅದಕ್ಕೇ ಇವತ್ತು ಇಂಗ್ಲೆಂಡಿನ ಒಂದು ಆಟದ ಬಗ್ಗೆ ಬರೆಯುತ್ತಿದ್ದೇವೆ. ಹೆಸರು ಬ್ಲಡ್ ಬೌಲ್. ಹೆಸರು ಕೇಳಿ ಹೆದರಬೇಡಿ. ನಾಟಿಂಗ್‌ಹ್ಯಾಮಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1986ರಲ್ಲಿ ತಂದದ್ದು. ಹೆಬ್ಬೆರಳುದ್ದದ ಬೊಂಬೆಗಳು: ಹಸಿರು ಮೈಯ ಓರ್ಕ್ ರಾಕ್ಷಸರು, ಗಡ್ಡದ ಕುಳ್ಳರು, ಇಲಿಮುಖದವರು. ಅವರವರೇ ಸಣ್ಣ ಕುಂಚ ಹಿಡಿದು ಬಣ್ಣ ಬಳಿಯುತ್ತಾರೆ. ಕಡೆಗೆ 11 ಬೊಂಬೆ, ಚೌಕದ ಹಲಗೆ, ಒಂದು ಚೆಂಡು. ಅಮೆರಿಕದ ಫುಟ್‌ಬಾಲನ್ನು ಅಣಕಿಸುವ ಆಟ. ಎದುರಾಳಿ ಪಕ್ಕದಲ್ಲಿದ್ದರೆ ತಪ್ಪಿಸಿಕೊಂಡು ಹೋಗಲು ದಾಳ ಹಾಕಬೇಕು. ಎಡವಿ ಬಿದ್ದರೆ ಆ ಸರದಿಯೇ ಮುಗಿಯಿತು. ಒಬ್ಬೊಬ್ಬರಿಗೆ 16 ಸರದಿ.

ಇದರ ನಿಜವಾದ ರುಚಿ ಇರುವುದು ಲೀಗಿನಲ್ಲಿ. ಅಲ್ಲಿ ಪಬ್ಬು, ಕ್ಲಬ್ಬು, ಅಂಗಡಿಯ ಹಿಂದಿನ ಕೋಣೆಗಳಲ್ಲಿ ವಾರದ ಒಂದು ರಾತ್ರಿ ಗೊತ್ತು ಮಾಡಿಕೊಂಡು ತಿಂಗಳುಗಟ್ಟಲೆ ಆಡುತ್ತಾರೆ. ಪ್ರತಿ ಬೊಂಬೆಯ ಲೆಕ್ಕ ಹಾಳೆಯಲ್ಲಿ ಇರುತ್ತದೆ. ಗೆರೆ ದಾಟಿಸಿ ಚೆಂಡು ಇಟ್ಟವನಿಗೆ 3 ಅಂಕ. ಅಂಕ ಕೂಡಿದ ಹಾಗೆ ಹೊಸ ಪಟ್ಟು ಕಲಿಯುತ್ತಾನೆ. ಪೆಟ್ಟು ಬಿದ್ದರೆ ಊನ ಹಾಗೇ ಉಳಿಯಬಹುದು. ಸತ್ತರೆ ಸತ್ತ ಹಾಗೇ, ಹೆಸರು ಹೊಡೆದುಹಾಕಬೇಕು. ನಾಲ್ಕು ವಾರ ಸಾಕಿದ ಬೊಂಬೆ ಒಂದು ದಾಳಕ್ಕೆ ಹೋದಾಗ ನಡುವಯಸ್ಸಿನ ಗಂಡಸರು ತಲೆ ಮೇಲೆ ಕೈ ಹೊತ್ತು ಕೂರುವುದನ್ನು ನಾವು ಯೂಟ್ಯೂಬಿನಲ್ಲಿ ನೋಡಿದ್ದೇವೆ.

ನಮಗೆ ಹಿಡಿಸಿದ್ದು ಇನ್ನೊಂದು ನಿಯಮ. ಒಂದು ತಂಡ ಬಲಿತು, ಇನ್ನೊಂದು ಸೋತು ಸೊರಗಿದ್ದರೆ, ಎರಡರ ಬೆಲೆಯ ವ್ಯತ್ಯಾಸದಷ್ಟು ಆಟದ ಚಿನ್ನ ಸೊರಗಿದ ತಂಡಕ್ಕೆ ಸಿಗುತ್ತದೆ. ಅದರಲ್ಲಿ ಮಂತ್ರವಾದಿಯನ್ನು ಕರೆಸಬಹುದು, ಹೆಸರುವಾಸಿ ಆಟಗಾರನನ್ನು ಒಂದು ಪಂದ್ಯಕ್ಕೆ ಬಾಡಿಗೆ ತರಬಹುದು, ರೆಫರಿಗೆ ಲಂಚವನ್ನೂ ಕೊಡಬಹುದು. (ಇದನ್ನು ನಮ್ಮೂರ ವಾಲಿಬಾಲ್ ಟೂರ್ನಮೆಂಟಿನವರಿಗೆ ಹೇಳಬೇಡಿ.) 11 ಜನ ಇಲ್ಲದಿದ್ದರೆ ಕೊರತೆ ತುಂಬಲು ಆ ಪಂದ್ಯಕ್ಕೆ ಬಿಟ್ಟಿ ಆಳು. ಸೋತವನು ಮುಂದಿನ ವಾರವೂ ಬರಬೇಕು, ಇಲ್ಲದಿದ್ದರೆ ಲೀಗೇ ಇಲ್ಲ.

ದುಡ್ಡಿನ ಆಪಿನದು ಇದರ ತಿರುಗಾಮುರುಗಾ. ಸೋತವನು ಮತ್ತೆ ದುಡ್ಡು ಹಾಕಿದರೆ ಮಾತ್ರ ಅದಕ್ಕೆ ಬೇಕು. ಅವನು ಬರದೇ ಹೋದರೆ ಯಾಕೆ ಬರಲಿಲ್ಲ ಅಂತ ಕೇಳುವವರಿಲ್ಲ.

ಹಾಗಂತ ಆ ಪೆಟ್ಟಿಗೆಗಳನ್ನು ತರಿಸಿ ಅಂತ ನಾವು ಹೇಳುವುದಿಲ್ಲ. ಒಂದು ತಂಡಕ್ಕೇ ಸಾವಿರಾರು ರೂಪಾಯಿ. ಆ ಕಂಪನಿ 2024ರ ಡಿಸೆಂಬರ್‌ನಲ್ಲಿ ಲಂಡನ್ ಷೇರುಪೇಟೆಯ 100 ದೊಡ್ಡ ಕಂಪನಿಗಳ ಸಾಲಿಗೆ ಸೇರಿತು. ಪ್ಲಾಸ್ಟಿಕ್ ಬೊಂಬೆ ಅಗ್ಗಕ್ಕೆ ಮಾರಿ ಅಲ್ಲಿಗೆ ಹೋಗಲಿಲ್ಲ. ನಮಗೆ ಬೇಕಿರುವುದು ಗೊತ್ತಾದ ಒಂದು ದಿನ, ಲೆಕ್ಕದ ಪುಸ್ತಕ, ಸೋತವನಿಗೆ ಒಂದು ಆಸರೆ. ಹುಲಿಕಟ್ಟಿಗೂ ಚೌಕಾಬಾರಕ್ಕೂ ಇದು ಚೆನ್ನಾಗಿ ಹೊಂದುತ್ತದೆ. ಚೌಕಾಬಾರದಲ್ಲಾದರೆ ಹೋದ ವಾರ ಸೋತವರಿಗೆ ಈ ವಾರ ಕವಡೆ ಒಂದು ಸಲ ಹೆಚ್ಚು, ಅಷ್ಟೇ. ಹೆಣ್ಣುಮಕ್ಕಳೂ ಆಡಬೇಕೆಂದರೆ ರಾತ್ರಿ ಬೇಡ, ಭಾನುವಾರ ಮಧ್ಯಾಹ್ನ ಇಡಿ. ಚೌಕಾಬಾರದಲ್ಲಿ ಅವರನ್ನು ಗೆಲ್ಲುವುದು ಕಷ್ಟ ಅನ್ನುವುದು ಬೇರೆ ಮಾತು.

ಜಾಗಕ್ಕೆ ಪಂಚಾಯಿತಿಯ ಅರಿವು ಕೇಂದ್ರ ಇದೆ, ಸಮುದಾಯ ಭವನ ಇದೆ. ನಾವು ಸುದ್ದಿಗೆ ಹೋದ ಊರುಗಳಲ್ಲಿ ಹೆಚ್ಚಿನ ಕಡೆ ಎರಡಕ್ಕೂ ಬೀಗ. ಮುಂದಿನ ಗ್ರಾಮಸಭೆಯಲ್ಲಿ ಕೀ ಯಾರ ಹತ್ತಿರ ಇದೆ ಅಂತ ಪಿಡಿಒ ಅವರನ್ನು ಕೇಳಿ. ಏನು ಉತ್ತರ ಬಂತು ಅಂತ ನಮಗೂ ತಿಳಿಸಿ.