ನಾಲ್ಕು ವಾರ ಮಾಲೀಕರಿಲ್ಲದ ಅಂಗಡಿ

ವ್ಯಾಪಾರಿ ಸಮುದಾಯದಲ್ಲಿ ರಜೆ ಎಂಬ ಶಬ್ದಕ್ಕೆ ಇಂದಿಗೂ ಅಷ್ಟಾಗಿ ಮರ್ಯಾದೆಯಿಲ್ಲ. ಬೆಳಿಗ್ಗೆ ಬಾಗಿಲು ತೆರೆಯುವವನೂ ರಾತ್ರಿ ಗಲ್ಲಾ ಎಣಿಸಿ ಬೀಗ ಹಾಕುವವನೂ ತಾನೇ ಆಗಿರುವುದನ್ನು ನಾವು ಶ್ರದ್ಧೆಯ ಗುರುತೆಂದು ಭಾವಿಸುತ್ತ ಬಂದಿದ್ದೇವೆ. ಬಂಧುಗಳ ಮನೆಯ ಮದುವೆ, ತಿರುಪತಿ ಯಾತ್ರೆ, ಹೆಚ್ಚೆಂದರೆ ಮೂರು ದಿನ ಮಡಿಕೇರಿ; ಅನೇಕರ ಬಿಡುವಿನ ಲೆಕ್ಕ ಇಷ್ಟಕ್ಕೇ ಮುಗಿಯುತ್ತದೆ. ಇಂಥ ವಾತಾವರಣದಲ್ಲಿ, ಚಿಕ್ಕ ಮಕ್ಕಳನ್ನು ಕರೆದುಕೊಂಡು ನಾಲ್ಕು ವಾರ ವಿದೇಶದಲ್ಲಿ ಇದ್ದು ಬನ್ನಿ ಎಂಬ ಸಲಹೆ ಹಲವರಿಗೆ ಪರಿಹಾಸ್ಯವಾಗಿ ಕಂಡೀತು. ಆದರೂ ಶಕ್ತಿಯಿರುವ ಸದಸ್ಯರು ಇದನ್ನು ಗಂಭೀರವಾಗಿ ಪರಿಗಣಿಸಬೇಕೆಂಬುದೇ ಈ ಲೇಖನದ ವಾದ.

ಕಾರ್ಮಿಕನ ರಜೆಯನ್ನು ಕಾನೂನು ಕಾಯುತ್ತದೆ. 1948ರ ಕಾರ್ಖಾನೆಗಳ ಕಾಯ್ದೆಯು 20 ದಿನಗಳ ದುಡಿಮೆಗೆ ಒಂದು ದಿನದಂತೆ ವಯಸ್ಕ ಕಾರ್ಮಿಕನಿಗೆ ಸಂಬಳಸಹಿತ ರಜೆಯ ಹಕ್ಕು ನೀಡಿತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿಯೂ ಆ ಪ್ರಮಾಣ ಹಾಗೆಯೇ ಉಳಿದಿದೆ. ಅರ್ಹತೆಗೆ ಬೇಕಾದ ದುಡಿಮೆಯ ದಿನಗಳು ಮಾತ್ರ 240ರಿಂದ 180ಕ್ಕೆ ಇಳಿದಿವೆ. ಆದರೆ ಮಾಲೀಕನಿಗೆ ರಜೆ ಕೊಡುವ ಕಾನೂನು ಯಾವುದೂ ಇಲ್ಲ. ತನ್ನ ರಜೆಗೆ ತಾನೇ ಅರ್ಜಿ ಹಾಕಿ ತಾನೇ ಮಂಜೂರು ಮಾಡಿಕೊಳ್ಳಬೇಕಾದ ಆತ ವರ್ಷಗಟ್ಟಲೆ ಆ ಅರ್ಜಿಯನ್ನು ಮುಂದೂಡುತ್ತಾನೆ. ಅಷ್ಟರಲ್ಲಿ ಮಕ್ಕಳು ಬೆಳೆದಿರುತ್ತಾರೆ.

ವಿದೇಶವೇ ಏಕೆ?

ನಮ್ಮ ನಾಡಿನಲ್ಲಿ ನೋಡತಕ್ಕ ಸ್ಥಳಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ದೂರಕ್ಕೆ. ಚಿಕ್ಕಪೇಟೆಯ ವ್ಯಾಪಾರಿ ಕಾರವಾರಕ್ಕೆ ಹೋದರೂ, ಹುಬ್ಬಳ್ಳಿಯ ವರ್ತಕ ಕೊಡಗಿಗೆ ಹೋದರೂ, ಒಂದು ಕರೆ ಬಂದರೆ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಅಂಗಡಿಯಲ್ಲಿರಬಹುದು. ಹಾಗೆ ಬರಬಹುದೆಂಬುದು ಆತನಿಗೂ ಗೊತ್ತು, ಗುಮಾಸ್ತರಿಗೂ ಗೊತ್ತು. ಆದ್ದರಿಂದ ಯಾರೂ ಆತನಿಲ್ಲದೆ ತೀರ್ಮಾನ ಕೈಗೊಳ್ಳುವುದಿಲ್ಲ. ಸಮುದ್ರದಾಚೆ ಇರುವವನಿಗೆ ಮರುದಿನ ಹಿಂದಿರುಗುವುದು ಸುಲಭವಲ್ಲ. ಈ ಅಸಾಧ್ಯತೆಯೇ ವಿದೇಶ ಪ್ರವಾಸದ ದೊಡ್ಡ ಪ್ರಯೋಜನವೆಂದು ನನ್ನ ಅಭಿಪ್ರಾಯ.

ಒಂದು ವಾರದ ಗೈರುಹಾಜರಿಯಲ್ಲಿ ಯಾವ ವ್ಯವಹಾರವೂ ಪರೀಕ್ಷೆಗೊಳಗಾಗುವುದಿಲ್ಲ. ಕೆಲಸಗಳು ಕಾದು ಕುಳಿತಿರುತ್ತವೆ, ಅಷ್ಟೇ. ನಾಲ್ಕು ವಾರಗಳಲ್ಲಿ ಸಂಬಳದ ದಿನ ಬರುತ್ತದೆ, ತೆರಿಗೆಯ ದಿನ ಬರುತ್ತದೆ, ಯಂತ್ರ ಕೆಡುತ್ತದೆ, ಹಳೆಯ ಗಿರಾಕಿ ಉದ್ದರಿ ಕೇಳುತ್ತಾನೆ. ಇವನ್ನೆಲ್ಲ ನಿಮ್ಮ ಜನ ನಿಭಾಯಿಸಿದರೆ ನಿಮ್ಮ ಕೈಯಲ್ಲಿ ಒಂದು ಸಂಸ್ಥೆಯಿದೆ. ನಿಭಾಯಿಸದಿದ್ದರೆ ಇರುವುದು ಸಂಸ್ಥೆಯಲ್ಲ, ರಜೆಯಿಲ್ಲದ ಒಂದು ನೌಕರಿ. ಈ ಸತ್ಯವನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ತಿಳಿಯುವುದಕ್ಕಿಂತ ಮಕ್ಕಳ ಜೊತೆಯಲ್ಲಿದ್ದಾಗ ತಿಳಿಯುವುದು ಲೇಸು.

ಮಕ್ಕಳು ಚಿಕ್ಕವರಿದ್ದಾಗಲೇ ಏಕೆ?

ಇದಕ್ಕೆ ವ್ಯಾಪಾರದ ಕಾರಣವೂ ಉಂಟು. ನಮ್ಮ ಶಾಲೆಗಳ ಬೇಸಿಗೆ ರಜೆ ಬೀಳುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಬಟ್ಟೆ, ಚಿನ್ನ, ಪಾತ್ರೆ, ದಿನಸಿ ವ್ಯಾಪಾರಿಗಳಿಗೆ ಅದು ಮದುವೆಯ ಹಂಗಾಮು, ಜೊತೆಗೆ ಅಕ್ಷಯ ತೃತೀಯದ ಕಾಲ. ಮಕ್ಕಳು ಶಾಲೆಗೆ ಸೇರಿದ ಮೇಲೆ ಅವರ ರಜೆಗೂ ನಮ್ಮ ಬಿಡುವಿಗೂ ಹೊಂದಿಕೆಯಾಗುವುದು ಕಷ್ಟ. ಒಂದನೆಯ ತರಗತಿಗೆ ಸೇರದ ಮಗುವಿಗೆ ಈ ಬಂಧನವಿಲ್ಲ. ಶುಭಕಾರ್ಯಗಳಿಲ್ಲದೆ ವ್ಯಾಪಾರ ತಣ್ಣಗಿರುವ ಆಷಾಢದ ಆಸುಪಾಸಿನಲ್ಲಿ ಆ ಕುಟುಂಬ ಹೊರಡಬಹುದು. ಹೆಚ್ಚೆಂದರೆ ಐದಾರು ವರ್ಷ ತೆರೆದಿರುವ ಈ ಬಾಗಿಲು ಮತ್ತೆ ತೆರೆಯುವುದಿಲ್ಲ.

ಖರ್ಚಿನ ದೃಷ್ಟಿಯಿಂದಲೂ ಇದು ಗಮನಾರ್ಹ. ಎರಡು ವರ್ಷ ತುಂಬದ, ಪ್ರತ್ಯೇಕ ಆಸನ ಬೇಡದ ಮಗುವಿಗೆ ಅಂತರರಾಷ್ಟ್ರೀಯ ವಿಮಾನಗಳಲ್ಲಿ ಸಾಮಾನ್ಯವಾಗಿ ದೊಡ್ಡವರ ದರದ ಸುಮಾರು ಶೇ. 10ರಷ್ಟು ಮಾತ್ರ ತೆಗೆದುಕೊಳ್ಳುತ್ತಾರೆ. ಪ್ರವಾಸದ ನಡುವೆ ಎರಡು ವರ್ಷ ತುಂಬಿದರೆ ಹಿಂದಿರುಗುವಾಗ ಆಸನ ಕೊಳ್ಳಬೇಕಾಗುತ್ತದೆ. ಹುಟ್ಟಿದ ದಿನಾಂಕ ನೋಡಿಕೊಂಡು ಟಿಕೆಟ್ ಮಾಡಿಸುವುದು ಒಳ್ಳೆಯದು. ಕೂಸಿಗೂ ಸ್ವಂತ ಪಾಸ್‌ಪೋರ್ಟ್ ಬೇಕು. ಮಕ್ಕಳ ಪಾಸ್‌ಪೋರ್ಟಿನ ಅವಧಿ ಸಾಮಾನ್ಯವಾಗಿ 5 ವರ್ಷ ಮಾತ್ರವಾದ್ದರಿಂದ ತಂದೆತಾಯಿಗಳ ಪಾಸ್‌ಪೋರ್ಟ್ ಚಾಲ್ತಿಯಲ್ಲಿದ್ದರೂ ಮಗುವಿನದು ಮುಗಿದಿರುವ ಸಂಭವ ಹೆಚ್ಚು.

ಒಂದು ಉದಾಹರಣೆ: ಜರ್ಮನಿ

ಹತ್ತು ದಿನಗಳಲ್ಲಿ ಏಳು ದೇಶ ತೋರಿಸುವ ಪ್ಯಾಕೇಜ್ ಪ್ರವಾಸ ಚಿಕ್ಕ ಮಕ್ಕಳಿಗೆ ಶಿಕ್ಷೆ. ದಿನವೂ ಪೆಟ್ಟಿಗೆ ಕಟ್ಟುವುದು, ದಿನವೂ ಹೊಸ ಹಾಸಿಗೆ. ನಾಲ್ಕು ವಾರಗಳಿಗೆ ಒಂದು ದೇಶ, ಎರಡು ಊರು ಸಾಕು. ಉದಾಹರಣೆಗೆ ಜರ್ಮನಿಯಲ್ಲಿ ಎರಡು ವಾರ ಮ್ಯೂನಿಕ್, ಎರಡು ವಾರ ಬೇರೊಂದು ಸಣ್ಣ ಊರು. ಎರಡೂ ಕಡೆ ಅಡುಗೆಮನೆಯುಳ್ಳ ಬಾಡಿಗೆ ಮನೆ. ಸಸ್ಯಾಹಾರಿ ಕುಟುಂಬಕ್ಕೆ ಇದು ಹೋಟೆಲಿಗಿಂತ ಅನುಕೂಲ. ಆದರೆ ಅಡುಗೆಯ ಹೊರೆಯೆಲ್ಲ ಗೃಹಿಣಿಯ ಮೇಲೆಯೇ ಬಿದ್ದರೆ ಆಕೆಗೆ ಅದು ರಜೆಯಲ್ಲ. ಊರಿನಲ್ಲಿ ಸೌಟು ಮುಟ್ಟದ ಯಜಮಾನರು ಅಲ್ಲಿ ಮುಟ್ಟಬೇಕು.

ಅಕ್ಕಿ, ಬೇಳೆ, ಸಾರಿನ ಪುಡಿ ಜೊತೆಯಲ್ಲಿ ಇಟ್ಟುಕೊಳ್ಳುವವರು ಒಂದು ನಿಯಮ ತಿಳಿದಿರಬೇಕು. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಉತ್ಪನ್ನಗಳನ್ನು ಒಯ್ಯುವಂತಿಲ್ಲ. ತುಪ್ಪದ ಡಬ್ಬಿಯೂ ಪೇಡೆಯ ಪೊಟ್ಟಣವೂ ಇದರಲ್ಲಿ ಸೇರುತ್ತವೆ. ಶಿಶುಗಳ ಹಾಲಿನ ಪುಡಿಗೆ ಮಾತ್ರ ಷರತ್ತುಗಳಿಗೊಳಪಟ್ಟು 2 ಕಿಲೋವರೆಗೆ ವಿನಾಯಿತಿಯಿದೆ.

ಷೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನವರಿಗೆ 45 ಯೂರೋ. 6 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ಪ್ರಯಾಣಕ್ಕೆ 6 ತಿಂಗಳು ಮೊದಲೇ ಅರ್ಜಿ ಸಲ್ಲಿಸಬಹುದು. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ಅಲ್ಲಿಯ ರೈಲುಗಳಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ. ಕಾರಿನಲ್ಲಾದರೆ 12 ವರ್ಷ ಅಥವಾ 150 ಸೆಂಟಿಮೀಟರ್ ಎತ್ತರ ತಲಪುವವರೆಗೆ ಮಕ್ಕಳಿಗೆ ಪ್ರತ್ಯೇಕ ಸುರಕ್ಷಾ ಆಸನ ಬೇಕು. ಹೀಗಾಗಿ ರೈಲೇ ಸಲೀಸು. ತುರ್ತು ನೆರವಿನ ಸಂಖ್ಯೆ ಅಲ್ಲಿಯೂ ಇಲ್ಲಿಯಂತೆ 112. ಮೊದಲ ಕೆಲವು ದಿನ ಮಕ್ಕಳು ನಸುಕಿನ ಮೂರಕ್ಕೇ ಎದ್ದು ಕೂರಬಹುದು. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಮೇಲಾದ್ದರಿಂದ ಅವರನ್ನು ಮಲಗಿಸುವುದೂ ಸುಲಭವಲ್ಲ. ಆ ದಿನಗಳಿಗೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬಾರದು.

ಜರ್ಮನಿಯನ್ನೇ ಹೆಸರಿಸಲು ಇನ್ನೊಂದು ಕಾರಣವಿದೆ. 1963ರ ಅಲ್ಲಿಯ ರಜಾ ಕಾಯ್ದೆಯು ವಾರಕ್ಕೆ ಆರು ದಿನದ ಲೆಕ್ಕದಲ್ಲಿ ನೌಕರರಿಗೆ ವರ್ಷಕ್ಕೆ ಕನಿಷ್ಠ 24 ದಿನ, ಅಂದರೆ ನಾಲ್ಕು ವಾರಗಳ ರಜೆ ವಿಧಿಸಿದೆ. ಬೇಸಿಗೆಯಲ್ಲಿ ಎಷ್ಟೋ ಸಣ್ಣ ಕಾರ್ಖಾನೆಗಳು, ಕಾರ್ಯಾಗಾರಗಳು ಬಾಗಿಲಿಗೆ ಫಲಕ ತೂಗುಹಾಕಿ ಮಾಲೀಕರೂ ಸೇರಿದಂತೆ ಎಲ್ಲರಿಗೂ ಒಟ್ಟಿಗೆ ರಜೆ ಕೊಡುತ್ತವೆ. ಭಾನುವಾರ ಬಹುತೇಕ ಅಂಗಡಿಗಳು ಕಾನೂನಿನ ಪ್ರಕಾರವೇ ಮುಚ್ಚಿರುತ್ತವೆ. ಮಗುವಿನ ಹಾಲನ್ನು ಶನಿವಾರವೇ ತಂದಿಡಬೇಕು. ಬವೇರಿಯಾದಲ್ಲಿ ವಾರದ ದಿನಗಳಲ್ಲೂ ರಾತ್ರಿ 8ಕ್ಕೆ ಸಾಮಾನ್ಯ ಅಂಗಡಿಗಳ ವ್ಯಾಪಾರ ಮುಗಿಯುತ್ತದೆ. ಇಷ್ಟಾದರೂ ಅದು ಜಗತ್ತಿನ ಅಗ್ರಗಣ್ಯ ಕೈಗಾರಿಕಾ ರಾಷ್ಟ್ರಗಳಲ್ಲೊಂದು. ಪೀಣ್ಯದ ನಮ್ಮ ಉದ್ಯಮಿ ಇದನ್ನು ಪುಸ್ತಕದಲ್ಲಿ ಓದುವುದು ಬೇರೆ, ಮಗುವಿನ ಕೈಹಿಡಿದು ಆ ಮುಚ್ಚಿದ ಬೀದಿಯಲ್ಲಿ ನಡೆಯುವುದು ಬೇರೆ.

ಹೊರಡುವ ಮುನ್ನ

ಪ್ರವಾಸದ ದಿನಾಂಕಗಳನ್ನು ವಿಮಾನದರದಿಂದಲ್ಲ, ತೆರಿಗೆಯ ಪಂಚಾಂಗದಿಂದ ಆರಂಭಿಸಬೇಕು. ಪ್ರತಿ ತಿಂಗಳು ಜಿಎಸ್‌ಟಿ ವಿವರಣೆ ಸಲ್ಲಿಸುವವರು ಜೂನ್ 21ರಂದು ಹೊರಟು ಜುಲೈ 18ರಂದು ಹಿಂದಿರುಗಿದರೆ ಸರಿಯಾಗಿ 28 ದಿನಗಳಾಗುತ್ತವೆ. ಮುಂಗಡ ತೆರಿಗೆಯ ಜೂನ್ 15ರ ಕಂತೂ 20ನೇ ತಾರೀಖಿನ 3ಬಿ ವಿವರಣೆಯೂ ಹೊರಡುವ ಮೊದಲೇ ಮುಗಿದಿರುತ್ತವೆ. ಮುಂದಿನ 3ಬಿಗೆ ನೀವೇ ಇರುತ್ತೀರಿ. ನಡುವೆ ಬರುವುದು 7ರ ಟಿಡಿಎಸ್, 11ರ ಜಿಎಸ್‌ಟಿಆರ್-1, 15ರ ಭವಿಷ್ಯನಿಧಿ ಮತ್ತು ಇಎಸ್‌ಐ. ತ್ರೈಮಾಸಿಕ ಪದ್ಧತಿಯವರ ದಿನಾಂಕಗಳು ಬೇರೆ. ಅವನ್ನು ಲೆಕ್ಕಪರಿಶೋಧಕರೊಡನೆ ಕುಳಿತು ಬರೆದಿಟ್ಟುಕೊಳ್ಳಬೇಕು.

ಇಂದು ಅನೇಕ ಸಣ್ಣ ಸಂಸ್ಥೆಗಳು ನಿಂತಿರುವುದು ಮಾಲೀಕನ ಮೊಬೈಲಿಗೆ ಬರುವ ಒಟಿಪಿಯ ಮೇಲೆ. ಬ್ಯಾಂಕಿನ ಪಾವತಿಗೂ ಅದೇ, ತೆರಿಗೆ ಜಾಲತಾಣಕ್ಕೂ ಅದೇ. ಜಿಎಸ್‌ಟಿ ನೋಂದಣಿಯಲ್ಲಿ ಇನ್ನೊಬ್ಬ ಅಧಿಕೃತ ಸಹಿದಾರರನ್ನು ಸೇರಿಸಲು ಅವಕಾಶವಿದೆ. ಚಾಲ್ತಿ ಖಾತೆಗೆ ಮಿತಿಯೊಡನೆ ಎರಡನೆಯ ಸಹಿಯ ಅಧಿಕಾರವನ್ನು ಬ್ಯಾಂಕಿನಲ್ಲಿ ಬರೆಯಿಸಿಡಬಹುದು. ಇಂತಿಷ್ಟು ಮೊತ್ತದವರೆಗಿನ ಖರೀದಿ, ಇಂತಿಷ್ಟರವರೆಗಿನ ಉದ್ದರಿ, ಇಂತಿಷ್ಟರವರೆಗಿನ ರಿಪೇರಿ ಯಾರ ಅಧಿಕಾರ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಹೊರಡುವುದಕ್ಕೆ ಎರಡು ತಿಂಗಳ ಮೊದಲೇ ಜಾರಿಗೆ ತರಬೇಕು. ಬೇಸಿಗೆಯಲ್ಲಿ ಜರ್ಮನಿಯ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿಯ ಬೆಳಗಿನ ಎಂಟು ಇಲ್ಲಿಯ ಹನ್ನೊಂದೂವರೆ. ಆ ಹೊತ್ತಿಗೆ ಅರ್ಧ ಗಂಟೆ ಮಾತನಾಡಿದರೆ ಸಾಕು. ಉಳಿದ ಹಗಲು ಮಕ್ಕಳದು.

ಕಾನೂನಿನ ಕೆಲವು ಗಡುವುಗಳು ನಮ್ಮ ರಜೆಗೆ ಕಾಯುವುದಿಲ್ಲ. ಗಿರಾಕಿಯ ಚೆಕ್ ಅಮಾನ್ಯವಾದರೆ ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ಲಿಖಿತ ನೋಟಿಸು ಕೊಡಬೇಕು. ನಾಲ್ಕು ವಾರಗಳ ಗೈರುಹಾಜರಿಯಲ್ಲಿ ಆ ಅವಧಿ ಬಹುಪಾಲು ಕಳೆದುಹೋಗುತ್ತದೆ. ಕಿರು ಮತ್ತು ಸಣ್ಣ ಉದ್ಯಮಗಳಿಗೆ ನಾವು ಕೊಡಬೇಕಾದ ಬಾಕಿಗೆ 2006ರ ಕಾಯ್ದೆಯ ಪ್ರಕಾರ ಒಪ್ಪಂದವಿದ್ದರೂ 45 ದಿನಗಳೇ ಮಿತಿ, ಮೀರಿದರೆ ಚಕ್ರಬಡ್ಡಿ. ವಕೀಲರ ಹೆಸರು ಮತ್ತು ಬಾಕಿಗಳ ಪಟ್ಟಿ ಗುಮಾಸ್ತರ ಕೈಯಲ್ಲಿರಬೇಕು.

ಹಣದ ವಿಚಾರ

ಇಲ್ಲಿ ನಿಷ್ಠುರವಾಗಿ ಹೇಳಬೇಕಾದ ಮಾತೊಂದಿದೆ. ದುಡಿಯುವ ಬಂಡವಾಳದಿಂದ ಹಣ ತೆಗೆದು, ಅಥವಾ ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಖಾತೆಯ ಮೇಲೆ, ಯಾರೂ ಪ್ರವಾಸ ಮಾಡಬಾರದು. ಮೂರು ವರ್ಷ ತಿಂಗಳಿಗೊಂದಿಷ್ಟು ಬೇರೆ ಖಾತೆಯಲ್ಲಿ ಕೂಡಿಟ್ಟು ಆಮೇಲೆ ಹೊರಡುವುದು ಗೌರವ. ಹಾಗೆಯೇ, ಒಂದು ಕಾರ್ಖಾನೆಗೆ ಅರ್ಧ ದಿನ ಭೇಟಿ ಕೊಟ್ಟು ಇಡೀ ಕುಟುಂಬದ ಖರ್ಚನ್ನು ವ್ಯವಹಾರದ ಪ್ರಯಾಣವೆಂದು ಬರೆಯುವ ಮೋಹ ಬೇಡ. ಸ್ವಂತದ ಖರ್ಚು ವ್ಯವಹಾರದ ಖರ್ಚಲ್ಲ. ತೆರಿಗೆ ಅಧಿಕಾರಿ ಅದನ್ನು ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ವಿದೇಶಿ ವಿನಿಮಯದ ಮಿತಿ ಈಗ ಅಡ್ಡಿಯೇ ಅಲ್ಲ. 2004ರಲ್ಲಿ ರಿಸರ್ವ್ ಬ್ಯಾಂಕು ಉದಾರೀಕೃತ ಹಣರವಾನೆ ಯೋಜನೆಯನ್ನು 25,000 ಡಾಲರುಗಳಿಂದ ಆರಂಭಿಸಿತು. ಈಗ ಆರ್ಥಿಕ ವರ್ಷಕ್ಕೆ ಪ್ರತಿಯೊಬ್ಬರಿಗೂ 2,50,000 ಡಾಲರು. ಪೋಷಕರ ಸಹಿಯೊಡನೆ ಅಪ್ರಾಪ್ತರೂ ಇದರಲ್ಲಿ ಸೇರುತ್ತಾರೆ. ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡರೆ 2020ರ ಅಕ್ಟೋಬರ್‌ನಿಂದ ಮೂಲದಲ್ಲೇ ತೆರಿಗೆ ವಸೂಲಾಗುತ್ತದೆ. ಅದರ ದರ ಹಲವು ಬಾರಿ ಬದಲಾಗಿರುವುದರಿಂದ ಕೊಳ್ಳುವ ದಿನದ ದರವನ್ನು ಕೇಳಿ ತಿಳಿಯಬೇಕು. ಅದು ಹೆಚ್ಚುವರಿ ತೆರಿಗೆಯಲ್ಲ, ವರ್ಷದ ಆದಾಯ ತೆರಿಗೆಯಲ್ಲಿ ವಜಾ ಆಗುವ ಮೊತ್ತ. ಆದರೆ ಅಲ್ಲಿಯವರೆಗೆ ಅಷ್ಟು ಹಣ ಕೈಯಲ್ಲಿರುವುದಿಲ್ಲ.

ಆಕ್ಷೇಪಗಳು

ಮೂರು ವರ್ಷದ ಮಗುವಿಗೆ ಏನು ನೆನಪಿರುತ್ತದೆ ಎಂಬುದು ಹಿರಿಯರ ಸಾಮಾನ್ಯ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಆ ವಯಸ್ಸಿನ ನೆನಪುಗಳು ದೊಡ್ಡವರಾದ ಮೇಲೆ ಉಳಿಯುವುದು ವಿರಳ. ಆದ್ದರಿಂದ ಈ ಪ್ರವಾಸವನ್ನು ಮಗುವಿನ ವಿದ್ಯಾಭ್ಯಾಸವೆಂದು ಯಾರೂ ಭ್ರಮಿಸಬೇಕಾಗಿಲ್ಲ. ಆಲ್ಪ್ಸ್ ಪರ್ವತ ಮಗುವಿಗೆ ಮರೆತುಹೋಗುತ್ತದೆ. ಆದರೆ ಎದ್ದಾಗ ಅಂಗಡಿಗೆ ಹೋಗಿರುವ, ಮಲಗಿದ ಮೇಲೆ ಮನೆಗೆ ಬರುವ ತಂದೆ, 28 ದಿನ ಬೆಳಗಿನಿಂದ ರಾತ್ರಿಯವರೆಗೆ ಜೊತೆಯಲ್ಲಿರುವುದು ಸಣ್ಣ ಸಂಗತಿಯಲ್ಲ. ಮಗುವಿನ ಹಠ, ಮಾತು, ಭಯ, ನಗು ಯಾವುವೆಂದು ತಂದೆ ತಿಳಿಯುವುದು ಆಗಲೇ. ನೆನಪು ಉಳಿಯಬೇಕಾದದ್ದು ತಂದೆಗೆ. ಸ್ವಂತ ಉದ್ಯಮ ನಡೆಸುವ ತಾಯಂದಿರಿಗೂ ಈ ಮಾತು ಅನ್ವಯಿಸುತ್ತದೆ.

ಗಿರಾಕಿ ಕೈಬಿಟ್ಟಾನೆಂಬ ಭಯ ಎರಡನೆಯದು. ಮುಖ್ಯ ಗಿರಾಕಿಗಳಿಗೆ ಮೊದಲೇ ತಿಳಿಸಿ, ಬದಲಿ ವ್ಯಕ್ತಿಯನ್ನು ಪರಿಚಯಿಸಿದರೆ ಬಹುಪಾಲು ಗಿರಾಕಿಗಳು ಕಾಯುತ್ತಾರೆ. ನಾಲ್ಕು ವಾರಕ್ಕೇ ಬಿಟ್ಟುಹೋಗುವ ಗಿರಾಕಿಗೆ ಬೇಕಾದದ್ದು ನಮ್ಮ ಸರಕಲ್ಲ, ನಮ್ಮ ಮುಖಪರಿಚಯದ ಉದ್ದರಿ. ಅಂಥವರ ಸಂಖ್ಯೆ ಎಷ್ಟೆಂಬುದನ್ನು ತಿಳಿಯುವುದೂ ಲಾಭವೇ.

ಎಲ್ಲರಿಗೂ ಇದು ಸಾಧ್ಯವೆಂದು ನಾನು ಹೇಳುತ್ತಿಲ್ಲ. ಸಾಲದ ಕಂತು ತಪ್ಪಿರುವವರು, ಹೊಸ ಘಟಕ ತೆರೆದು ವರ್ಷ ತುಂಬದವರು, ಹಾಸಿಗೆ ಹಿಡಿದ ಹಿರಿಯರು ಮನೆಯಲ್ಲಿರುವವರು ಹೊರಡುವಂತಿಲ್ಲ. ಆದರೆ ಶಕ್ತಿಯಿದ್ದೂ ಕೇವಲ ಅಭ್ಯಾಸಬಲದಿಂದ ಗಲ್ಲಾ ಬಿಟ್ಟೇಳದವರು ನಮ್ಮಲ್ಲಿ ಕಡಿಮೆಯಿಲ್ಲ. ಅಂಥ ಸದಸ್ಯರು ಬರುವ ಆರ್ಥಿಕ ವರ್ಷದ ಆಯವ್ಯಯ ಬರೆಯುವಾಗ ಮಾರಾಟದ ಗುರಿಯ ಕೆಳಗೆ ಇನ್ನೊಂದು ಸಾಲು ಸೇರಿಸಲಿ: ಮಾಲೀಕರ ರಜೆ, 28 ದಿನ. ಆ ಸಾಲನ್ನು ಸಾಧ್ಯವಾಗಿಸಲು ಬೇಕಾದ ಎರಡನೆಯ ಸಹಿ, ಬರೆದಿಟ್ಟ ಅಧಿಕಾರಪತ್ರ, ತರಬೇತಿ ಪಡೆದ ಗುಮಾಸ್ತ, ಬಾಕಿಗಳ ಸ್ಪಷ್ಟ ಪಟ್ಟಿ ಇವೆಲ್ಲ ಯಾವ ಕಾರಣದಿಂದಲೋ ಪ್ರವಾಸ ರದ್ದಾದರೂ ವ್ಯವಹಾರದಲ್ಲಿ ಉಳಿಯುತ್ತವೆ. ಮಕ್ಕಳ ವಯಸ್ಸು ಮಾತ್ರ ಉಳಿಯುವುದಿಲ್ಲ.